ಹಳೇ ಮಿಯಾಟಾಗೆ 7 ಇಂಚಿನ ಟಾರ್ಸೆನ್ ಡಿಫರೆನ್ಷಿಯಲ್: ಹಾಕಿಸಿ ಓಡಿಸಿದ ಮೇಲೆ ಬರೆದ ರಿವ್ಯೂ

ಮಜ್ದಾ ಕಂಪನಿಯ ಚಿಕ್ಕ ಸ್ಪೋರ್ಟ್ಸ್ ಕಾರು ಮಿಯಾಟಾ ಇಟ್ಟುಕೊಂಡವರು ಇಂಜಿನ್ನಿಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಟರ್ಬೊ, ಇಂಜೆಕ್ಟರ್, ದೊಡ್ಡ ರೇಡಿಯೇಟರ್, ಎಲ್ಲಾ ಬರುತ್ತೆ. ಇಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಗೇರುಗಳ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್, ಮಾತ್ರ ಅದರ ಗೇರಿನ ಹಲ್ಲು ಮುರಿದ ದಿನವೇ ನೆನಪಾಗುವುದು. ಇಂಜಿನ್ ಮುಟ್ಟುವ ಮೊದಲೇ ಡಿಫರೆನ್ಷಿಯಲ್ ಬದಲಿಸಿ ಅನ್ನುವುದು ನನ್ನ ಮಾತು. ಯಾಕೆ ಅಂತ ಹೇಳುತ್ತೇನೆ.

ನನ್ನ ಊರು ಹಾಸನ, ಇರುವುದು ಅಮೆರಿಕದ ಮಿಶಿಗನ್ ರಾಜ್ಯದ ನೋವೈನಲ್ಲಿ. ಕಾರು 1991ರದ್ದು. ಮೊದಲು ಇದ್ದದ್ದು 1.6 ಲೀಟರ್ ಇಂಜಿನ್, 116 ಹಾರ್ಸ್‌ಪವರ್. ಈಗ ಅದರ ಜಾಗದಲ್ಲಿ 1.8 ಲೀಟರ್ ಇಂಜಿನ್, ಅದಕ್ಕೊಂದು ಟರ್ಬೊ. ಟಾರ್ಕ್ (ತಿರುಗಿಸುವ ಬಲ) ಹಳೆಯದರ ಎರಡರಷ್ಟು, ಸುಮಾರು 270 ನ್ಯೂಟನ್ ಮೀಟರ್.

1990ರಿಂದ 1993ರವರೆಗಿನ ಮಿಯಾಟಾಗಳಲ್ಲಿ ಬರುತ್ತಿದ್ದದ್ದು 6 ಇಂಚು ವ್ಯಾಸದ ಕ್ರೌನ್ ವೀಲ್ (ಒಳಗಿನ ದೊಡ್ಡ ಗೇರ್) ಇರುವ ಚಿಕ್ಕ ಡಿಫರೆನ್ಷಿಯಲ್. ಕೆಲವದರಲ್ಲಿ ವಿಸ್ಕಸ್ ಲಿಮಿಟೆಡ್ ಸ್ಲಿಪ್ ಇತ್ತು, ಅಂದರೆ ಒಂದೇ ಚಕ್ರ ಸುಮ್ನೆ ಸುತ್ತದಂತೆ ದಪ್ಪ ದ್ರವದಿಂದ ತಡೆಯುವ ವ್ಯವಸ್ಥೆ. ಉಳಿದದ್ದೆಲ್ಲ ಓಪನ್, ಅಂದರೆ ಆ ತಡೆ ಇಲ್ಲದ್ದು. ಆ ಇಂಜಿನ್ನಿಗೆ ಅಷ್ಟು ಸಾಕಿತ್ತು. ಈಗ ಲೆಕ್ಕ ನೋಡಿ. 5 ಗೇರಿನ ಗೇರ್‌ಬಾಕ್ಸಿನಲ್ಲಿ ಫಸ್ಟ್ ಗೇರ್ ಅನುಪಾತ 3.136. ಹಳೇ ಇಂಜಿನ್ ಆಗ ಪಿನಿಯನ್ (ಕ್ರೌನ್ ವೀಲನ್ನು ತಿರುಗಿಸುವ ಚಿಕ್ಕ ಗೇರ್) ಮೇಲೆ ಹಾಕುತ್ತಿದ್ದದ್ದು ಸುಮಾರು 420 ನ್ಯೂಟನ್ ಮೀಟರ್. ಈಗ ಅದು 850ರ ಹತ್ತಿರ. ಇದು ನಯವಾಗಿ ಹೊರಟಾಗಿನ ಮಾತು. ಅಂಟುವ ಟೈರ್ ಹಾಕಿ, ಕ್ಲಚ್ ತಟ್ಟನೆ ಬಿಟ್ಟು, ಹಿಂದಿನ ಚಕ್ರ ಕುಣಿಯೋಕೆ ಶುರುವಾದರೆ ಬೀಳುವ ಏಟೇ ಬೇರೆ. ಹಲ್ಲು ಮುರಿಯುವುದು ಅಂಥ ಏಟಿಗೇ.

1994ರಲ್ಲಿ 1.8 ಇಂಜಿನ್ ತಂದಾಗ ಮಜ್ದಾದವರೇ 7 ಇಂಚಿನ ಕ್ರೌನ್ ವೀಲ್‌ಗೆ ಬದಲಾದರು. ಅದರಲ್ಲಿ ಟಾರ್ಸೆನ್ ಅನ್ನುವ, ಬರೀ ಗೇರುಗಳಿಂದ ಕೆಲಸ ಮಾಡುವ ಲಿಮಿಟೆಡ್ ಸ್ಲಿಪ್ ಕೂಡ ಸಿಗುತ್ತಿತ್ತು. ಒಂದು ಇಂಚಲ್ವಾ, ಅದೇನು ಮಹಾ ಅನ್ನಿಸಬಹುದು. ಆದರೆ ಕ್ರೌನ್ ವೀಲ್ ಅಗಲವಾದಷ್ಟೂ ಅದೇ ಟಾರ್ಕಿಗೆ ಹಲ್ಲಿನ ಮೇಲೆ ಬೀಳುವ ಬಲ ಕಡಿಮೆಯಾಗುತ್ತೆ. ಜೊತೆಗೆ ಹೌಸಿಂಗ್ ದೊಡ್ಡದು. 6 ಇಂಚಿನದು ಕುಡಿಯುವ ಆಯಿಲ್ ಮುಕ್ಕಾಲು ಲೀಟರಿಗೂ ಕಡಿಮೆ, ಇದಕ್ಕೆ ಒಂದು ಲೀಟರ್ ಬೇಕು. ಟ್ರ್ಯಾಕಿನಲ್ಲಿ ಬಿಸಿ ತಡೆಯೋಕೆ ಆ ಹೆಚ್ಚುವರಿ ಆಯಿಲ್ ನಿಜಕ್ಕೂ ಕೆಲಸಕ್ಕೆ ಬರುತ್ತೆ.

ಆರು ಇಂಚಿನದಕ್ಕೇ ದುಬಾರಿ ಕ್ಲಚ್ ಟೈಪ್ (ಒಳಗೆ ಉಜ್ಜುವ ಪ್ಲೇಟುಗಳಿರುವ) ಲಿಮಿಟೆಡ್ ಸ್ಲಿಪ್ ಹಾಕಿಸುವವರೂ ಇದ್ದಾರೆ. ನನಗದು ಸರಿ ಕಾಣಲ್ಲ. ಒಳಗಿನ ಯಂತ್ರ ಎಷ್ಟೇ ಗಟ್ಟಿ ಇರಲಿ, ಕ್ರೌನ್ ಪಿನಿಯನ್ ಅದೇ ಹಳೇದು. ಲಿಮಿಟೆಡ್ ಸ್ಲಿಪ್ ಹಿಡಿತ ಜಾಸ್ತಿ ಕೊಟ್ಟಷ್ಟೂ ಆ ಹಲ್ಲಿನ ಮೇಲೆ ಭಾರವೂ ಜಾಸ್ತಿ. ಮೊದಲು ಚಕ್ರ ಸುಮ್ನೆ ಜಾರಿ ಬಲವನ್ನು ಬಿಟ್ಟುಬಿಡುತ್ತಿತ್ತು. ಈಗ ಅದು ಜಾರಲ್ಲ, ಬಲವೆಲ್ಲ ಹಲ್ಲಿಗೇ ಹೋಗುತ್ತೆ.

ಖರೀದಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನನಗೆ ಮೊದಲು ಬಂದ ಪೀಸ್ ಟಾರ್ಸೆನ್ ಅಂತ ಹೇಳಿ ಮಾರಿದ್ದು, ಆದರೆ ಒಳಗಿದ್ದದ್ದು ಓಪನ್. ಮಾರಿದವರು ವಾಪಸ್ ತಗೊಂಡರು, ಆದರೂ ಅಷ್ಟು ಭಾರದ ಕಬ್ಬಿಣವನ್ನು ಮತ್ತೆ ಪ್ಯಾಕ್ ಮಾಡಿ ಕಳಿಸೋದು ಸಣ್ಣ ಕೆಲಸವಲ್ಲ. ಗುರುತು ಹಿಡಿಯೋದು ಕಷ್ಟವಿಲ್ಲ. ಆಕ್ಸಲ್ ತೆಗೆದ ತೂತಿನಲ್ಲಿ ಟಾರ್ಚ್ ಹಾಕಿ ನೋಡಿ. ಆಚೆ ಬದಿಯವರೆಗೆ ಬೆಳಕು ಹಾಯ್ದರೆ ಟಾರ್ಸೆನ್. ನಡುವೆ ಅಡ್ಡ ಪಿನ್ ಕಂಡರೆ ಓಪನ್. ಮಾರುವವರಿಂದ ಈ ಫೋಟೋ ಬಾರದೆ ದುಡ್ಡು ಕಳಿಸಬೇಡಿ. ಇನ್ನೊಂದು, ಬರೀ ಡಿಫರೆನ್ಷಿಯಲ್ ಕೊಂಡರೆ 1.6 ಕಾರಿಗೆ ಕೂರಲ್ಲ. ಡಿಫರೆನ್ಷಿಯಲಿನಿಂದ ಚಕ್ರಗಳಿಗೆ ಹೋಗುವ ಎರಡು ಹಾಫ್ ಶಾಫ್ಟ್ ಮತ್ತು ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಸಹ 1.8 ಕಾರಿನದೇ ಬೇಕು. ಸೆಟ್ಟಾಗಿ ಕೊಂಡರೆ ಅಗ್ಗ. ನಾನು ಎರಡನೇ ಸಲ ಬಿಸಿಲು ರಾಜ್ಯದ ಕಾರಿನದ್ದು ತರಿಸಿದೆ. ಮಿಶಿಗನ್ನಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಇಲ್ಲಿನ ಕಾರುಗಳ ಬೋಲ್ಟ್ ಬಿಚ್ಚೋದೇ ಒಂದು ಹೋರಾಟ.

ಬಂದ ಸೆಟ್ಟನ್ನು ನೇರವಾಗಿ ಕಾರಿಗೆ ಹಾಕಲಿಲ್ಲ. ಬೇರಿಂಗ್ ಮತ್ತು ಆಯಿಲ್ ಸೀಲ್ ಹೊಸದು ಹಾಕಿಸೋಕೆ ಇಲ್ಲೇ ಹತ್ತಿರದ, ಗೇರ್ ಕೆಲಸವನ್ನೇ ಮಾಡುವ ಒಂದು ಚಿಕ್ಕ ಅಂಗಡಿಗೆ ಕೊಟ್ಟೆ. ಈ ರಿವ್ಯೂನಲ್ಲಿ ನನ್ನ ಪೂರ್ತಿ ಅಂಕ ಹೋಗೋದು ಅವರಿಗೇ. ವಯಸ್ಸಾದ ಮೆಕ್ಯಾನಿಕ್ ಕ್ರೌನ್ ವೀಲಿನ ನಾಲ್ಕೈದು ಹಲ್ಲಿಗೆ ಹಳದಿ ಪೇಸ್ಟ್ ಹಚ್ಚಿದರು. ಒಂದು ಕೈಯಲ್ಲಿ ಕ್ರೌನ್ ವೀಲನ್ನು ಬಿಗಿಯಾಗಿ ತಡೆದು, ಇನ್ನೊಂದು ಕೈಯಲ್ಲಿ ಪಿನಿಯನ್ ತಿರುಗಿಸಿದರು. ಹಲ್ಲು ಹಲ್ಲಿಗೆ ತಾಗಿದ ಜಾಗದಲ್ಲಿ ಪೇಸ್ಟ್ ಅಳಿಸಿ, ಉದ್ದನೆಯ ಒಂದು ಗುರುತು ಮೂಡಿತು. ಅದು ಹಲ್ಲಿನ ತುದಿಗೂ ಹೋಗಬಾರದು, ಬುಡಕ್ಕೂ ಇಳಿಯಬಾರದು, ನಡುವೆ ಇರಬೇಕು. ಮೊದಲ ಸಲ ಸ್ವಲ್ಪ ಬುಡದ ಕಡೆಗಿತ್ತು. ಅವರು ಏನೂ ಮಾತಾಡದೆ ಪಿನಿಯನ್ ಹೊರತೆಗೆದು ಶಿಮ್ (ತೆಳು ಲೋಹದ ಬಿಲ್ಲೆ) ಬದಲಿಸಿ ಮತ್ತೆ ಕಟ್ಟಿದರು. ಆಮೇಲೆ ಡಯಲ್ ಗೇಜ್ ಇಟ್ಟು ಪ್ಲೇ, ಅಂದರೆ ಹಲ್ಲುಗಳ ನಡುವಿನ ಸಡಿಲ, ಅಳೆದರು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದಕ್ಕಿಂತ ಬಿಗಿಯಾದರೆ ಬಿಸಿಯಾಗುತ್ತೆ, ಸಡಿಲವಾದರೆ ಪ್ರತಿ ಸಲ ಆಕ್ಸಲರೇಟರ್ ಒತ್ತಿದಾಗಲೂ ಹಲ್ಲು ಹಲ್ಲಿಗೆ ಬಡಿಯುತ್ತೆ. ಪಿನಿಯನ್ ಬೇರಿಂಗುಗಳ ನಡುವೆ ಕೂರುವ, ಒಮ್ಮೆ ಅಮುಕಿದರೆ ಮುಗಿಯಿತು ಅನ್ನುವ ಸ್ಪೇಸರನ್ನೂ ಹೊಸದೇ ಹಾಕಿದರು. ಹಳೇದನ್ನೇ ತಿರುಗಿ ಹಾಕಿ ಬಿಲ್ಲಿನಲ್ಲಿ ಹೊಸದು ಅಂತ ಬರೆಯುವವರೂ ಇದ್ದಾರೆ. ಇವರು ಹಳೇದನ್ನು ಒಂದು ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು.

ಕಾರಿಗೆ ಕೂರಿಸೋ ಕೆಲಸ ನಾನೂ ಒಬ್ಬ ಸ್ನೇಹಿತರೂ ಸೇರಿ ಮನೆಯಲ್ಲೇ ಮಾಡಿದೆವು. ಒಬ್ಬರೇ ಎತ್ತೋಕೆ ಹೋಗಬೇಡಿ. ಮಿಯಾಟಾದಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲನ್ನು ಜೋಡಿಸುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟೊಂದಿದೆ. ಅದು ಡಿಫರೆನ್ಷಿಯಲ್ ತಿರುಚಿಕೊಳ್ಳದಂತೆ ಹಿಡಿಯುತ್ತೆ. ಕಟ್ಟುವಾಗ ಅದರ ಎತ್ತರ ಅಳೆದೇ ಬೋಲ್ಟ್ ಬಿಗಿ ಮಾಡಿ, ಇಲ್ಲದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಕೋನ ಕೆಟ್ಟು ಕಾರು ಅದುರುತ್ತೆ. ಡಿಫರೆನ್ಷಿಯಲನ್ನು ಕಾರಿಗೆ ಹಿಡಿಸುವ ಹಿಂದಿನ ಬುಷ್ ಹಳೇ ರಬ್ಬರಾಗಿದ್ದರೆ ಈಗಲೇ ಬದಲಿಸಿ. ಗಟ್ಟಿ ಪಾಲಿಯುರಿಥೇನ್ ಬುಷ್ ಹಾಕಿದರೆ ಹಿಡಿತ ಚೆನ್ನಾಗಿರುತ್ತೆ, ಆದರೆ ಗೇರಿನ ಗುಂಯ್‌ಗುಡುವಿಕೆ ಪೂರ್ತಿ ಒಳಗೆ ಕೇಳುತ್ತೆ. ದಿನಾ ಓಡಿಸುವ ಕಾರಿಗೆ ಹೊಸ ರಬ್ಬರೇ ಸಾಕು, ನಾನು ಅದನ್ನೇ ಹಾಕಿದ್ದು.

ಓಡಿಸಿದಾಗ? ಸೌತ್ ಹೇವನ್ ಹತ್ತಿರದ ಜಿಂಜರ್‌ಮ್ಯಾನ್ ರೇಸ್‌ವೇಗೆ ತಗೊಂಡು ಹೋದೆ. ನಿಧಾನದ ತಿರುವುಗಳಿಂದ ಹೊರಬರುವಾಗ ಮೊದಲು ಒಳಗಿನ ಚಕ್ರ ಸುತ್ತಿ ಹೊಗೆ ಬರುತ್ತಿತ್ತು, ಕಾರು ಮುಂದೆ ಹೋಗುತ್ತಿರಲಿಲ್ಲ. ಈಗ ಬೇಗ ಆಕ್ಸಲರೇಟರ್ ಕೊಟ್ಟರೂ ಎರಡೂ ಚಕ್ರ ತಳ್ಳುತ್ತವೆ, ಕಾರು ನೆಟ್ಟಗೆ ಹೊರಡುತ್ತೆ. ಟಾರ್ಸೆನ್ ಕ್ಲಚ್ ಪ್ಲೇಟ್ ಇಲ್ಲದ, ಬರೀ ಗೇರುಗಳ ಯಂತ್ರ. ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪೇಟೆಂಟ್ ಪಡೆದದ್ದು. ಸವೆಯುವ ಪ್ಲೇಟ್ ಇಲ್ಲ, ವಿಶೇಷ ಆಯಿಲ್ ಬೇಡ, ಸಾಮಾನ್ಯ ಜಿಎಲ್-5 ಗೇರ್ ಆಯಿಲ್ ಸಾಕು. ಪಾರ್ಕಿಂಗಿನಲ್ಲಿ ತಿರುಗಿಸುವಾಗ ಕ್ಲಚ್ ಟೈಪಿನ ಹಾಗೆ ಟಕಟಕ ಅನ್ನಲ್ಲ. ಒಂದೇ ಕೊರತೆ, ಒಂದು ಚಕ್ರ ನೆಲ ಬಿಟ್ಟು ಮೇಲೆದ್ದರೆ ಇನ್ನೊಂದಕ್ಕೂ ಬಲ ಹೋಗಲ್ಲ. ಟ್ರ್ಯಾಕಿನ ಅಂಚಿನ ಕರ್ಬ್ ಮೇಲೆ ಹತ್ತಿಸಿ ಓಡಿಸುವವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಡಿಫರೆನ್ಷಿಯಲಿನ ಅನುಪಾತವೂ, ಅಂದರೆ ಕ್ರೌನ್ ವೀಲ್ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಅನ್ನೋದು, ಬದಲಾಗುತ್ತೆ. ಹಳೇದು 4.30, ನಾನು ಹಾಕಿದ್ದು 4.10. ಟರ್ಬೊ ಇಂಜಿನ್ನಿಗೆ ಇದೇ ಒಳ್ಳೆಯದು, ಹೈವೇಯಲ್ಲಿ ಆರ್‌ಪಿಎಂ ಇಳಿಯುತ್ತೆ. ಆದರೆ ಸ್ಪೀಡೋಮೀಟರ್ ಗೇರ್‌ಬಾಕ್ಸಿನಿಂದ ಓಡುವುದರಿಂದ 60 ತೋರಿಸುವಾಗ ಕಾರು ಹೋಗೋದು 63ರಲ್ಲಿ. ಪೊಲೀಸರ ಮುಂದೆ ಇದು ನೆನಪಿರಲಿ. ಇಲ್ಲವೇ ಸ್ಪೀಡೋಮೀಟರಿನ ಚಿಕ್ಕ ಗೇರನ್ನೂ ಬದಲಿಸಿ.

ಎಂಟು ಸಿಲಿಂಡರಿನ ವಿ8 ಇಂಜಿನ್ ಕೂರಿಸುವವರಿಗೆ ಇದು ಸಾಲದು. ಅವರು ಫೋರ್ಡಿನ 8.8 ಇಂಚಿನದಕ್ಕೆ ಹೋಗುತ್ತಾರೆ, ಅದು ಬೇರೆಯೇ ಮಟ್ಟದ ಖರ್ಚು. ನನ್ನಂಥ ಟರ್ಬೊ ಕಾರಿನಲ್ಲಿ ಹಿಂದಿನದು ಗಟ್ಟಿಯಾದ ಮೇಲೆ ಮುಂದಿನ ಚಿಂತೆ 5 ಗೇರಿನ ಗೇರ್‌ಬಾಕ್ಸ್. ಬಲ ಇನ್ನೂ ಏರಿಸುವ ಯೋಚನೆ ಇದ್ದರೆ ನಂತರದ ಮಿಯಾಟಾಗಳಲ್ಲಿ ಬಂದ ಐಸಿನ್ ಕಂಪನಿಯ 6 ಗೇರಿನ ಗೇರ್‌ಬಾಕ್ಸನ್ನು ಈಗಿನಿಂದಲೇ ಹುಡುಕುತ್ತಿರಿ. ನಾನೂ ಹುಡುಕುತ್ತಿದ್ದೇನೆ. ಅದಕ್ಕೂ 4.10ಕ್ಕೂ ಸರಿಯಾಗಿ ಹೊಂದುತ್ತದಾ ಅಂತ ಕೇಳುವವರಿಗೆ, ಮಜ್ದಾದವರೇ ಆ ಗೇರ್‌ಬಾಕ್ಸಿಗೆ 3.909ರ ಕ್ರೌನ್ ಪಿನಿಯನ್ ಕೊಟ್ಟಿದ್ದರು. ಅದೂ 7 ಇಂಚಿನದೇ, ಹಾಗಾಗಿ ಬೇಕೆನಿಸಿದರೆ 4.10ರ ಬದಲು ಅದನ್ನು ಹಾಕಿಸಬಹುದು.