ಡಿಗ್ರಿ ಸಿಲಬಸ್ ಬದಲಾಯಿಸುವ ವ್ಯವಸ್ಥೆ: ಒಳಗೆ ಕೂತು ನೋಡಿದವನ ರಿವ್ಯೂ (5ಕ್ಕೆ 2.5)

ಸಿಲಬಸ್ ಬದಲಾದಾಗಲೆಲ್ಲ ಹುಡುಗರು ಮೇಷ್ಟ್ರನ್ನು ಬೈಯುತ್ತಾರೆ, ಮೇಷ್ಟ್ರು ಯೂನಿವರ್ಸಿಟಿಯನ್ನು ಬೈಯುತ್ತಾರೆ. ನಾನು ಸರ್ಕಾರಿ ಪದವಿ ಕಾಲೇಜಿನ ಮೇಷ್ಟ್ರು, ನಮ್ಮ ವಿವಿಯಲ್ಲಿ ಸಿಲಬಸ್ ಕರಡು ಮಾಡುವ ಬಿಒಎಸ್‌ನಲ್ಲೂ ಇದ್ದವನು, ಹಾಗಾಗಿ ಎರಡೂ ಕಡೆಯ ಬೈಗುಳ ಕೇಳಿದ್ದೇನೆ. ವಿವಿ ಹೆಸರು ಬೇಡ, ವ್ಯಾಲ್ಯುಯೇಷನ್‌ಗೆ ಮತ್ತೆ ಅಲ್ಲಿಗೇ ಹೋಗಬೇಕಲ್ವಾ.

ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿಯೇ ಇದೆ. 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಯಡಿ ನಡೆಯುವ ವಿವಿಗಳಲ್ಲಿ ಮೊದಲು ಆಯಾ ವಿಷಯದ ಅಧ್ಯಯನ ಮಂಡಳಿ, ನಮ್ಮ ಬಾಯಲ್ಲಿ ಬಿಒಎಸ್, ಕರಡು ಮಾಡುತ್ತದೆ. ಅದು ಫ್ಯಾಕಲ್ಟಿ (ಕಲೆ, ವಿಜ್ಞಾನದಂಥ ನಿಕಾಯ) ಸಭೆಗೆ ಹೋಗಿ, ಅಲ್ಲಿಂದ ಇಡೀ ವಿವಿಯ ಶೈಕ್ಷಣಿಕ ವಿಷಯ ನೋಡುವ ಅಕಾಡೆಮಿಕ್ ಕೌನ್ಸಿಲ್ ತಲುಪುತ್ತದೆ. ದುಡ್ಡು, ಹುದ್ದೆಯ ಮಾತು ಬಂದರೆ ವಿವಿಯ ಆಡಳಿತ ನೋಡುವ ಸಿಂಡಿಕೇಟ್ ಕೂಡ ನೋಡಬೇಕು. ಹೊಸ ಪದವಿಗೆ ಮನಸ್ಸಿಗೆ ಬಂದ ಹೆಸರಿಡುವಂತೆಯೂ ಇಲ್ಲ, 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಯುಜಿಸಿ ಒಪ್ಪಿದ ಹೆಸರೇ ಆಗಬೇಕು.

ಇದರಲ್ಲಿ ಅಂಕ ಕೊಡಬೇಕಾದ್ದು ಬಿಒಎಸ್‌ಗೆ ಮಾತ್ರ. ಪಾಠ ಮಾಡುವವರೇ ಕೂತು ಘಟಕ ಘಟಕವಾಗಿ ಓದುತ್ತಾರೆ, ಇದು ಹದಿನೈದು ವಾರಕ್ಕೆ ಮುಗಿಯುತ್ತಾ, ಹಳ್ಳಿ ಕಾಲೇಜಿನ ಲೈಬ್ರರಿಯಲ್ಲಿ ಈ ಪುಸ್ತಕ ಸಿಗುತ್ತಾ ಅಂತ ಕೇಳುತ್ತಾರೆ. ಆದರೆ ನಿಜವಾದ ಜಗಳ ವಿಷಯದ ಬಗ್ಗೆ ಅಲ್ಲ, ವರ್ಕ್‌ಲೋಡ್ ಬಗ್ಗೆ. ಒಂದು ಪೇಪರ್ ತೆಗೆದರೆ ಅಷ್ಟು ಪಾಠದ ಗಂಟೆ ಹೋಯಿತು ಅಂತ ಲೆಕ್ಕ. ಅತಿಥಿ ಉಪನ್ಯಾಸಕರಿಗೆ 2022ರಲ್ಲಿ ವಾರಕ್ಕೆ 15 ಗಂಟೆ ಅಂತಾಯಿತು, ಆ ಗಂಟೆ ಇಲ್ಲದಿದ್ದರೆ ಮುಂದಿನ ವರ್ಷ ಕೆಲಸವೇ ಇಲ್ಲ. ಹೀಗಿರುವಾಗ "ಈ ಪೇಪರ್ ಹಳೆಯದಾಯಿತು, ಬಿಡೋಣ" ಅನ್ನಲು ಯಾರಿಗೆ ಬಾಯಿ ಬರುತ್ತದೆ? ಹಳೇ ಪೇಪರ್ ಹೊಸ ಹೆಸರಲ್ಲಿ ವಾಪಸ್ ಬರುತ್ತದೆ. ಇದನ್ನು ಸೋಮಾರಿತನ ಅಂತ ಬರೆಯುವವರು ಆ ಸಭೆಯಲ್ಲಿ ಒಮ್ಮೆ ಕೂರಬೇಕು.

ಬಿಒಎಸ್ ದಾಟಿದ ಮೇಲೆ ಓದುವವರು ಕಡಿಮೆ. ಅಜೆಂಡಾ ದಪ್ಪ, ಸಮಯ ಕಮ್ಮಿ, ವಿಷಯ ಓದಿದ ಕೂಡಲೇ "ಅನುಮೋದಿಸಲಾಯಿತು". ಇನ್ನು ತರಗತಿ ಶುರುವಾದ ಮೇಲೆ ಬರುವ "ಘಟನೋತ್ತರ ಅನುಮೋದನೆ" ಬೇರೆ! ಕುಲಪತಿಗಳ ವಿಶೇಷಾಧಿಕಾರದಲ್ಲಿ ಮೊದಲು ಜಾರಿ, ಆಮೇಲೆ ಕೌನ್ಸಿಲ್ ಒಪ್ಪಿಗೆ. ಅಪರೂಪಕ್ಕೆ ಇರಬೇಕಾದ್ದು ನಮ್ಮಲ್ಲಿ ಅಭ್ಯಾಸವಾಗಿಬಿಟ್ಟಿದೆ. ಅರ್ಧ ಸ್ಟಾರ್ ಕಿತ್ತದ್ದು ಇದಕ್ಕೇ.

ಮಿಕ್ಕಿದ್ದನ್ನು ಕಿತ್ತದ್ದು ವಿವಿಯ ತಪ್ಪಿಗಲ್ಲ. ದೊಡ್ಡ ಬದಲಾವಣೆಗಳು ಕೆಳಗಿಂದ ಬರುವುದೇ ಇಲ್ಲ. 2021ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಜಾರಿಯ ಆದೇಶ ಹೊರಡಿಸಿತು, ಅದೇ ವರ್ಷದಿಂದಲೇ ನಾಲ್ಕು ವರ್ಷದ ಆನರ್ಸ್, ಬೇರೆ ವಿಭಾಗದ ವಿಷಯ ಓದುವ ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ ಅನ್ನೋ ಪೇಪರ್ ಎಲ್ಲ ಬಂತು. ಸರ್ಕಾರ ಬದಲಾಯಿತು, 2023ರಲ್ಲಿ ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ಸುಖದೇವ್ ಥೋರಟ್ ಆಯೋಗ ಬಂತು, ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶವಾಗಿ 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಮೇನಲ್ಲಿ ಆದೇಶ ಬಂದರೆ ಅಡ್ಮಿಷನ್ ಹೊತ್ತಿಗೆ ಸಿಲಬಸ್ ಬೇಕು, ಆಗ ಬಿಒಎಸ್ ಏನು ಚರ್ಚೆ ಮಾಡುತ್ತದೆ? ಚೌಕಟ್ಟು ಮೊದಲೇ ಬಂದಿರುತ್ತದೆ, ಸುಮ್ನೆ ತುಂಬುವ ಕೆಲಸ. ಮೊದಲ ಮೂರು ಬ್ಯಾಚುಗಳು ಎನ್‌ಇಪಿಯಲ್ಲೇ ಮುಂದುವರಿದವು, ಆದ್ದರಿಂದ ಒಂದೇ ಕಾಲೇಜಿನಲ್ಲಿ ಪಕ್ಕಪಕ್ಕದ ಕೋಣೆಯಲ್ಲಿ ಬೇರೆ ಬೇರೆ ಪಠ್ಯ ನಡೆಯಿತು. ಬ್ಯಾಕ್‌ಲಾಗ್ ಇದ್ದವರ ಪಾಡು ಇನ್ನೂ ಕಷ್ಟ, ಅವರ ಪೇಪರಿಗೆ ಈಗ ತರಗತಿ ಇಲ್ಲ, ಪರೀಕ್ಷೆ ಮಾತ್ರ ಇದೆ.

ಸ್ವಾಯತ್ತ ಕಾಲೇಜುಗಳ ಸ್ಥಿತಿ ಸ್ವಲ್ಪ ವಾಸಿ. ಅವುಗಳಿಗೆ ತಮ್ಮದೇ ಬಿಒಎಸ್, ತಮ್ಮದೇ ಅಕಾಡೆಮಿಕ್ ಕೌನ್ಸಿಲ್. ಹೊರಗಿನ ತಜ್ಞರು, ಉದ್ಯಮದವರು, ಹಳೆಯ ವಿದ್ಯಾರ್ಥಿ ಕೂಡ ಮಂಡಳಿಯಲ್ಲಿ ಇರುತ್ತಾರೆ. ಸಣ್ಣ ತಿದ್ದುಪಡಿ ಬೇಗ ಆಗುತ್ತದೆ. ವಿವಿಯ ಸಿಲಬಸ್ಸನ್ನೇ ಪಾಲಿಸುವ ಸಂಯೋಜಿತ ಕಾಲೇಜಿನಲ್ಲಿ ಅದೇ ತಿದ್ದುಪಡಿಗೆ ನೂರಾರು ಕಾಲೇಜುಗಳ ಲೆಕ್ಕ ಹಾಕಬೇಕು.

ಈ ವರ್ಷ ಡಿಗ್ರಿಗೆ ಸೇರುವವರು ಒಂದು ಕೆಲಸ ಮಾಡಿ. ಸೀನಿಯರ್‌ಗಳ ನೋಟ್ಸ್, ಗೈಡ್ ಕೊಳ್ಳುವ ಮೊದಲು ವಿವಿ ವೆಬ್‌ಸೈಟಿನಲ್ಲಿ ನಿಮ್ಮ ಬ್ಯಾಚಿನ ಸಿಲಬಸ್ ತೆಗೆದು ನೋಡಿ. ಮುಖಪುಟದಲ್ಲಿ ಯಾವ ವರ್ಷದಿಂದ ಜಾರಿ ಅಂತ ಇರುತ್ತದೆ. ಇಲ್ಲದಿದ್ದರೆ ವಿಭಾಗದ ಮುಖ್ಯಸ್ಥರನ್ನೇ ಕೇಳಿ, ಅವರ ವಾಟ್ಸಾಪ್‌ಗೆ ಕರಡು ಪಿಡಿಎಫ್ ಆದರೂ ಬಂದಿರುತ್ತದೆ.