ಹಾಂಕಿ-ಟಾಂಕ್ ಕೇಳೋಕೆ ಮೊದಲು ಯಾವ ಆಲ್ಬಂ? ಹ್ಯಾಂಕ್, ಬಕ್, ರೇ

ಅಮೆರಿಕದ ಕಂಟ್ರಿ ಹಾಡು ನಾನು ಕೇಳೋದು ರಾತ್ರಿ ಕೆಲಸ ಮುಗಿದ ಮೇಲೆ, ಮನಸ್ಸಿನ ಖುಷಿಗೆ. ಅದರಲ್ಲೂ ಹಾಂಕಿ-ಟಾಂಕ್ ಅಂದರೆ ಜಾಸ್ತಿ ಇಷ್ಟ. ಟೆಕ್ಸಾಸ್ ಕಡೆಯ ಗದ್ದಲದ ಬಾರ್‌ಗಳಲ್ಲಿ ಬೆಳೆದ ಹಾಡುಗಳಿವು. ಕುಡಿತ, ಮುರಿದ ಪ್ರೀತಿ, ಒಂಟಿತನ ಎಲ್ಲವನ್ನೂ ನೇರವಾಗಿ ಹೇಳುತ್ತವೆ. ಹೊಸಬರಿಗೆ ಯಾವುದು ಸರಿ ಅಂತ ಮೂರು ಆಲ್ಬಂಗಳನ್ನು ಒಂದು ತಿಂಗಳು ಅದಲು ಬದಲು ಮಾಡಿ ಕೇಳಿದೆ.

ಗಾಯಕ ಹ್ಯಾಂಕ್ ವಿಲಿಯಮ್ಸ್‌ನಿಂದ ಶುರು ಮಾಡಿ ಅನ್ನೋದು ಸಾಮಾನ್ಯ ಸಲಹೆ. ನಾನು ಹಿಡಿದದ್ದು '40 ಗ್ರೇಟೆಸ್ಟ್ ಹಿಟ್ಸ್', 1978ರಲ್ಲಿ ಬಂದ ಸಂಕಲನ. 'ಯುವರ್ ಚೀಟಿನ್ ಹಾರ್ಟ್' ರೆಕಾರ್ಡ್ ಆಗಿದ್ದು 1952ರ ಸೆಪ್ಟೆಂಬರ್‌ನಲ್ಲಿ. 1953ರ ಜನವರಿ 1ಕ್ಕೆ ಹ್ಯಾಂಕ್ ತೀರಿಕೊಂಡ, ಆಗಿನ್ನೂ 29 ವರ್ಷ. ಇದು ಗೊತ್ತಾದ ಮೇಲೆ ಆ ಹಾಡು ಬಂದಾಗಲೆಲ್ಲ ಗಂಟಲು ಕಟ್ಟುತ್ತದೆ. ಆದರೆ ಹತ್ತು ಹಾಡಾಗುವಷ್ಟರಲ್ಲಿ ನನಗೆ ದಣಿವಾಗುತ್ತಿತ್ತು. ಹಳೇ ಮೋನೋ (ಒಂದೇ ಚಾನೆಲ್‌ನ) ರೆಕಾರ್ಡಿಂಗ್, ಮೂಗಿನಿಂದ ಬರುವ ದನಿ, ಮೇಲಿನ ಸ್ವರದಲ್ಲೇ ಅಳುವ ಡಾನ್ ಹೆಲ್ಮ್ಸ್‌ನ ಸ್ಟೀಲ್ ಗಿಟಾರ್ (ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್). ಒಂದೊಂದೇ ಬಿಡುಗಡೆಯಾದ ಹಾಡುಗಳಲ್ವಾ, ನಲವತ್ತನ್ನೂ ಸಾಲಾಗಿ ಕೇಳೋಕೆ ಮಾಡಿದ್ದಲ್ಲ.

ಬಕ್ ಓವೆನ್ಸ್‌ನ 1965ರ 'ಐವ್ ಗಾಟ್ ಎ ಟೈಗರ್ ಬೈ ದ ಟೇಲ್' ಅಡುಗೆಮನೆಗೆ ಸರಿ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಶೈಲಿ, ಡಾನ್ ರಿಚ್‌ನ ಟೆಲಿಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಚುರುಕಾಗಿ ಓಡುತ್ತದೆ. ಈರುಳ್ಳಿ ಹೆಚ್ಚುವ ಕೈಯೂ ಅದರ ಜೊತೆ ಓಡುತ್ತದೆ. ಮನಸ್ಸಲ್ಲಿ ಹೆಚ್ಚು ಹೊತ್ತು ಉಳಿಯಲಿಲ್ಲ.

ನನ್ನ ಆಯ್ಕೆ ರೇ ಪ್ರೈಸ್‌ನ 'ನೈಟ್ ಲೈಫ್', 1963ರದ್ದು. ಶುರುವಿನಲ್ಲೇ ಬ್ಯಾಂಡ್ ಮೆಲ್ಲಗೆ ನುಡಿಸುತ್ತಿರುವಾಗ ರೇ ಮಾತಾಡುತ್ತಾನೆ. ಕೇಳುಗರಿಗೆ ನಮಸ್ಕಾರ ಹೇಳಿ, ಇವು ರಾತ್ರಿ ಬದುಕಿನವರ ಹಾಡುಗಳು ಅಂತ ಪರಿಚಯಿಸುತ್ತಾನೆ. ಮೇಜಿನ ಎದುರು ಕುರ್ಚಿ ಎಳೆದು ಕೂರಿಸಿದ ಹಾಗಿರುತ್ತದೆ. ಅಲ್ಲಿಂದ ಕೊನೆಯವರೆಗೂ ಅದೇ ಒಂದು ರಾತ್ರಿ. ಮೊದಲ ಹಾಡು ವಿಲ್ಲಿ ನೆಲ್ಸನ್ ಬರೆದದ್ದು. ದುಡ್ಡಿಲ್ಲದ ದಿನಗಳಲ್ಲಿ 150 ಡಾಲರ್‌ಗೆ ಅದನ್ನು ಮಾರಿಬಿಟ್ಟಿದ್ದ.

ಆ ಹಾಡಿನಲ್ಲಿ ಬಡ್ಡಿ ಎಮನ್ಸ್‌ನ ಪೆಡಲ್ ಸ್ಟೀಲ್‌ಗೆ ಕಿವಿ ಕೊಡಿ. ಈ ವಾದ್ಯದಲ್ಲಿ ತಂತಿಯ ಮೇಲೆ ಉಕ್ಕಿನ ತುಂಡು ಜಾರುತ್ತದೆ, ಕಾಲಿನ ಪೆಡಲ್ ಒತ್ತಿದರೆ ಒಂದೆರಡು ತಂತಿಯ ಸ್ವರ ಮಾತ್ರ ಏರುತ್ತದೆ, ಪಕ್ಕದ್ದು ನಿಂತಲ್ಲೇ ನಿಂತಿರುತ್ತದೆ. ಗೋಟುವಾದ್ಯದ ಜಾರು ಕೇಳಿದ ಕಿವಿಗೆ ಇದು ಬೇಗ ಹಿಡಿಸುತ್ತದೆ. ಹೆಡ್‌ಫೋನ್ ಹಾಕಿ, ಲೈಟ್ ಆರಿಸಿ ಕೇಳಿದ ರಾತ್ರಿ ಮೊದಲ ಹಾಡನ್ನೇ ಮೂರು ಸಲ ಹಾಕಿದೆ.

ಮಾತು ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ರೇ ನಿಧಾನವಾಗಿ ಬಿಡಿಸಿ ಹಾಡುತ್ತಾನೆ. ಎರಡು ವಾರ ಇದನ್ನು ಕೇಳಿ ಹ್ಯಾಂಕ್‌ಗೆ ವಾಪಸ್ ಹೋದೆ. ಈಗ ಒಂದು ಸಲಕ್ಕೆ ನಾಲ್ಕೇ ಹಾಡು ಕೇಳುತ್ತೇನೆ, ಆ ಮೂಗಿನ ದನಿ ಈಗ ನೇರ ಎದೆಗೇ ಬರುತ್ತದೆ.