ಮೂರು ವರ್ಷ ಬಳಸಿದ ವೆಲ್ಡಿಂಗ್ ಮಷೀನು: ಯಂತ್ರ ಗಟ್ಟಿ, ಕ್ಲಾಂಪು ಸಡಿಲು

2022ರ ಜೂನ್ ತಿಂಗಳಲ್ಲಿ ನಾನು 200 ಆಂಪಿಯರಿನ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡಿಂಗ್ ಮಷೀನೊಂದನ್ನು ಎಂಟು ಸಾವಿರ ರೂಪಾಯಿಯ ಒಳಗೆ ಕೊಂಡೆ. ಮುಧೋಳ ಮತ್ತು ಮಹಾಲಿಂಗಪುರದ ನಡುವಿನ ನಮ್ಮ ಊರಿನಲ್ಲಿ ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ ಮತ್ತು ತಗಡಿನ ಒಂದು ಶೆಡ್ಡು ನನ್ನದು. ಕುಂಟೆಯ ತಾಳು ಮುರಿದರೂ ಗೇಟಿನ ಕೀಲು ಕಳಚಿದರೂ ಪೇಟೆಗೆ ಹೋಗಿ ಅರ್ಧ ದಿನ ಕಾಯಬೇಕಾಗುತ್ತಿದ್ದುದರಿಂದ, ಸಣ್ಣಪುಟ್ಟ ಕೆಲಸಗಳನ್ನಾದರೂ ಶೆಡ್ಡಿನಲ್ಲಿಯೇ ಮಾಡಿಕೊಳ್ಳಬೇಕೆಂಬ ಹಟದಿಂದ ತಂದ ಯಂತ್ರವಿದು. ಇದರ ತಾಂತ್ರಿಕ ವಿವರಗಳು ಡಬ್ಬಿಯ ಮೇಲೆಯೇ ಇವೆ. ಡಬ್ಬಿ ಹೇಳದ ಸಂಗತಿಯನ್ನು ಬರೆಯಬೇಕಾಗಿದೆ.

ಆ ಸಂಗತಿ ಅರ್ಥಿಂಗ್ ಕ್ಲಾಂಪಿನದು, ಅಂದರೆ ಯಂತ್ರದ ಇನ್ನೊಂದು ವೈರನ್ನು ಬೆಸೆಯುವ ಕಬ್ಬಿಣಕ್ಕೆ ಕಚ್ಚಿಸುವ ಚಿಮಟಿಗೆಯದು. ಯಂತ್ರದ ಜೊತೆಗೆ ಕೊಟ್ಟಿದ್ದ ಕ್ಲಾಂಪು ತೆಳು ತಗಡನ್ನು ಮಡಚಿ, ನಡುವೆ ಒಂದು ಸ್ಪ್ರಿಂಗು ಸಿಕ್ಕಿಸಿ ಮಾಡಿದ್ದು. ಅದರ ಹಲ್ಲುಗಳು ಎಲ್ ಆಕಾರದ ಕಬ್ಬಿಣದ ಪಟ್ಟಿಯ, ಅಂದರೆ ಆಂಗಲ್ಲಿನ, ಅಂಚನ್ನು ಎರಡು ಚುಕ್ಕೆಗಳಷ್ಟು ಜಾಗದಲ್ಲಿ ಮಾತ್ರ ಮುಟ್ಟುತ್ತಿದ್ದವು. 3.15 ಮಿ.ಮೀ. ದಪ್ಪದ ಬೆಸುಗೆ ರಾಡು ಹಾಕಿ 110 ಆಂಪಿಯರಿನಲ್ಲಿ ನಾಲ್ಕು ರಾಡು ಸುಡುವಷ್ಟರಲ್ಲಿ ಅದರ ಹಿಡಿಕೆಯ ಪ್ಲಾಸ್ಟಿಕ್ ಮೆತ್ತಗಾಗಿ ವಾಸನೆ ಬರುತ್ತಿತ್ತು. ಕ್ಲಾಂಪು ಸುಡಬಾರದೆಂದು ನಾನು ಕರೆಂಟನ್ನು 80ಕ್ಕೆ ಇಳಿಸಿದೆ. ಅಲ್ಲಿಯೇ ತಪ್ಪಿದ್ದು.

ಆಗ ನಾನು ಎಮ್ಮೆಗಳಿಗೆ ಗ್ವಾದಲಿಯ (ಮೇವು ಹಾಕುವ ತೊಟ್ಟಿಯ) ಚೌಕಟ್ಟು ಕಟ್ಟುತ್ತಿದ್ದೆ: ಉದ್ದ 1.8 ಮೀಟರ್, ಅಗಲ ಮತ್ತು ಎತ್ತರ ತಲಾ 60 ಸೆಂ.ಮೀ., ಎಲ್ಲವೂ 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಆಂಗಲ್. ಬೆಸುಗೆ ನೋಡಲು ಅಚ್ಚುಕಟ್ಟಾಗಿತ್ತು, ಬಣ್ಣವನ್ನೂ ಹೊಡೆದೆ. ಹತ್ತೊಂಬತ್ತನೆಯ ದಿನ ಎಮ್ಮೆ ಮೈ ಉಜ್ಜಿಕೊಂಡಾಗ ಒಂದು ಕಾಲು ಕಳಚಿ ಬಿತ್ತು. ಎತ್ತಿ ನೋಡಿದರೆ ಬೆಸುಗೆಯ ಲೋಹವು ಗೋಡೆಯಿಂದ ಸುಣ್ಣದ ಹಕ್ಕಳೆ ಎದ್ದಂತೆ ಇಡಿಯಾಗಿ ಎದ್ದು ಬಂದಿತ್ತು. ಅದರ ಕೆಳಗೆ ಆಂಗಲ್ಲಿನ ಮೂಲ ಅಂಚು, ಗ್ರೈಂಡರಿನ ಗೆರೆಗಳ ಸಮೇತ, ಹಾಗೆಯೇ ಕಾಣುತ್ತಿತ್ತು. ಅಷ್ಟು ದಪ್ಪದ ರಾಡಿಗೆ 80 ಆಂಪಿಯರ್ ಸಾಲದು. ರಾಡು ಕರಗುತ್ತದೆ, ಕೆಳಗಿನ ಕಬ್ಬಿಣ ಕರಗುವುದಿಲ್ಲ. ಯಂತ್ರದ ಕೆಲಸವನ್ನೆಲ್ಲ ಹಾಳುಮಾಡುವ ಭಾಗವೊಂದನ್ನು ಅದೇ ಡಬ್ಬಿಯಲ್ಲಿಟ್ಟು ಮಾರುವುದು ನ್ಯಾಯವಲ್ಲ ಎಂಬ ನನ್ನ ಮಾತನ್ನು ಈಗಲೂ ಬದಲಿಸುವುದಿಲ್ಲ. ಸ್ಕ್ರೂ ತಿರುಗಿಸಿ ಬಿಗಿಯುವ ಹಿತ್ತಾಳೆಯ ಕ್ಲಾಂಪೊಂದನ್ನು ತಂದು, ಅದು ಕಚ್ಚುವ ಜಾಗವನ್ನು ಬಿಳಿ ಹೊಳೆಯುವವರೆಗೆ ಉಜ್ಜಿ ಹಾಕಿದ ದಿನದಿಂದ ಆ ತೊಂದರೆ ಇಲ್ಲ.

ಆದರೆ ಸಂಜೆಯ ಹೊತ್ತು ಯಂತ್ರ ನಡುವೆಯೇ ಆರಿಹೋಗುತ್ತಿದ್ದುದಕ್ಕೂ ನಾನು ಕಂಪನಿಯನ್ನೇ ಬೈದಿದ್ದು ತಪ್ಪಾಗಿತ್ತು. ಮನೆಯ ಬೋರ್ಡಿನಿಂದ ಶೆಡ್ಡಿಗೆ 30 ಮೀಟರ್ ದೂರ, ನಾನು ಎಳೆದಿದ್ದುದು 1.5 ಚದರ ಮಿ.ಮೀ. ತಾಮ್ರದ ವೈರು. 20 ಆಂಪಿಯರ್ ಹರಿದಾಗ ಹೋಗಿ ಬರುವ 60 ಮೀಟರಿನಲ್ಲಿ ಸುಮಾರು 14 ವೋಲ್ಟು ವೈರಿನಲ್ಲಿಯೇ ಕರಗುತ್ತದೆ. ಸುತ್ತಲಿನ ಪಂಪುಗಳು ಓಡುವಾಗ ಬೋರ್ಡಿನಲ್ಲಿ ಇರುವುದೇ 205 ವೋಲ್ಟು; ಯಂತ್ರಕ್ಕೆ ಸಿಗುತ್ತಿದ್ದುದು ಸುಮಾರು 190. ಕೈಪಿಡಿಯ ಪ್ರಕಾರ 195ಕ್ಕಿಂತ ಕೆಳಗೆ ಅದು ನಡೆಯಬೇಕಾಗಿಯೇ ಇಲ್ಲ. 4 ಚದರ ಮಿ.ಮೀ. ವೈರಿನಲ್ಲಿ ಈ ನಷ್ಟ ಐದಾರು ವೋಲ್ಟಿಗೆ ಇಳಿಯಿತು. ಯಂತ್ರದ ಬೆಲೆಯ ಮುಕ್ಕಾಲು ಪಾಲು ಹಣ ಆ ವೈರಿಗೇ ಹೋಯಿತಾದರೂ, ಅಂದಿನಿಂದ ಅದು ಒಮ್ಮೆಯೂ ಆರಿಲ್ಲ. ನನ್ನ ಸಿಟ್ಟು ಕಡಿಮೆಯಾದದ್ದೂ ಆಗಲೇ.

ಈ ಯಂತ್ರದಿಂದ ನಾನು ನಿರೀಕ್ಷಿಸದೆ ಪಡೆದ ಸುಖವೆಂದರೆ ವಾರದ ಕೊನೆಯ ಸಂಜೆಗಳು. ಕಬ್ಬಿಣಕ್ಕೆ ಕೈ ಹಾಕುವ ಮೊದಲು ಶೆಡ್ಡಿನ ಗಚ್ಚಿನ ನೆಲವನ್ನು ಗುಡಿಸಿ, ಮಾಡಬೇಕಾದ ವಸ್ತುವನ್ನು ಖಡುವಿನಿಂದ ನಿಜವಾದ ಅಳತೆಯಲ್ಲಿಯೇ ಬರೆಯುತ್ತೇನೆ. ಗ್ವಾದಲಿಗೆ ನಾಲ್ಕು ಉದ್ದನೆಯ ತುಂಡು, ಎಂಟು ಗಿಡ್ಡ ತುಂಡು, ಒಟ್ಟು ಸರಿಯಾಗಿ 12 ಮೀಟರ್. ಆರು ಮೀಟರಿನ ಎರಡು ಆಂಗಲ್ ಸಾಕೆಂದು ಕಾಗದ ಹೇಳಿತು. ಆದರೆ ಕಟಿಂಗ್ ಮಷೀನಿನ ಬ್ಲೇಡು ಪ್ರತಿ ಕೊಯ್ತಕ್ಕೂ 3 ಮಿ.ಮೀ. ತಿನ್ನುತ್ತದೆ. ಒಂದು ಆಂಗಲ್ಲಿಗೆ ಐದು ಕೊಯ್ತವೆಂದರೆ 15 ಮಿ.ಮೀ. ಕೊರತೆ. ಎರಡನೆಯ ಸಲ ಕಟ್ಟುವಾಗ ನಾಲ್ಕೂ ಕಾಲುಗಳನ್ನು ಮೊದಲೇ 590 ಮಿ.ಮೀ. ಎಂದು ಬರೆದುಕೊಂಡೆ, ಅಳತೆ ಕೂಡಿತು, ಮೂರನೆಯ ಆಂಗಲ್ ತರುವುದು ಉಳಿಯಿತು. ಆಂಗಲ್ ಮೀಟರಿಗೆ ಮೂರು ಕೆ.ಜಿ. ತೂಗುವುದರಿಂದ ಒಟ್ಟು 36 ಕೆ.ಜಿ. ಎಂಬ ಲೆಕ್ಕ ಕೈಯಲ್ಲಿದ್ದು, ಅಂಗಡಿಯ ತಕ್ಕಡಿಯ ಮುಂದೆ ಸಂಶಯಪಡಬೇಕಾಗಲಿಲ್ಲ.

ಜೋಡಿಸುವಾಗ ಮೂಲೆಗಳಲ್ಲಿ ಬೊಟ್ಟಿನಷ್ಟು ಬೆಸುಗೆಯ ಟಾಕಿ ಮಾತ್ರ ಹಾಕಿ, ಮೂಲೆ ನೇರವಿದೆಯೇ ಎಂದು ಗುನ್ಯಾ (ಮೂಲೆಮಟ್ಟ) ಹಿಡಿದು ನೋಡಿ, ಆಮೇಲೆ ಮೂಲೆಯಿಂದ ಮೂಲೆಗೆ ಟೇಪು ಎಳೆಯುತ್ತೇನೆ. ಎರಡೂ ಕಡೆ 1897 ಮಿ.ಮೀ. ಬಂದರೆ ಚೌಕಟ್ಟು ಚೌಕಾಗಿದೆ ಎಂದರ್ಥ. ಪೂರ್ತಿ ಬೆಸುಗೆಯನ್ನು ಒಂದೇ ಮೂಲೆಯಲ್ಲಿ ಮುಗಿಸದೆ ಎದುರುಬದುರಿನ ಮೂಲೆಗಳಲ್ಲಿ ಹಾಕುತ್ತ ಹೋಗುತ್ತೇನೆ. ಇಲ್ಲವಾದರೆ ಕಾವಿಗೆ ಆಂಗಲ್ ಎಳೆದುಕೊಳ್ಳುತ್ತದೆ. ಯಂತ್ರ ಹಗುರವಾದುದರಿಂದ ಹೆಗಲಿಗೆ ನೇತುಹಾಕಿಕೊಂಡು ಚೌಕಟ್ಟಿನ ಸುತ್ತ ತಿರುಗಲು ಕಷ್ಟವಿಲ್ಲ. ಕೆಲಸ ಮುಗಿದ ಮೇಲೆ ಪ್ಲಗ್ಗು ಕಿತ್ತು, ಫ್ಯಾನಿನ ಜಾಲರಿಯಲ್ಲಿ ಕೂತ ಎರೆಮಣ್ಣಿನ ಧೂಳನ್ನು ಬ್ಲೋವರಿನಿಂದ ಹಾರಿಸಿ, ಉಳಿದ ರಾಡುಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿಡುತ್ತೇನೆ.

ಟ್ರ್ಯಾಲಿಯ ಹುಕ್ಕಿಗೆ ಮಾತ್ರ ನಾನು ಇಂದಿಗೂ ಕೈ ಹಾಕಿಲ್ಲ. ಕಬ್ಬು ತುಂಬಿ ರಸ್ತೆಗಿಳಿಯುವ ಗಾಡಿಯ ಬೆಸುಗೆಯನ್ನು ಅನುಭವವುಳ್ಳವರೇ ಹಾಕಬೇಕು. ಸತುವು ಲೇಪಿಸಿದ ಪೈಪನ್ನು ಬೆಸೆಯುವಾಗ ಲೇಪವನ್ನು ಉಜ್ಜಿ ತೆಗೆದು, ಬಯಲಿನಲ್ಲಿಯೇ ಕೆಲಸ ಮಾಡಿ. ಅದರ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ನನ್ನಂತಹ ಸಣ್ಣ ಹಿಡುವಳಿದಾರರಿಗೆ ಯಂತ್ರವನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ, ಆದರೆ ಕೊಳ್ಳುವ ದಿನವೇ ಹಿತ್ತಾಳೆಯ ಕ್ಲಾಂಪನ್ನೂ ತನ್ನಿ, ಬೋರ್ಡಿನಿಂದ ಶೆಡ್ಡಿನವರೆಗಿನ ದೂರವನ್ನು ಅಳೆದುಕೊಂಡು ಹೋಗಿ. ಎರಡನೆಯ ಗ್ವಾದಲಿಗೆ ಈಗ ಎರಡೂವರೆ ವರ್ಷ; ಎಮ್ಮೆಗಳು ದಿನವೂ ಅದಕ್ಕೇ ಮೈ ಉಜ್ಜುತ್ತಿವೆ.